ಪ್ಲೇ ಸ್ಟೋರಿನಲ್ಲಿ ಸಿಗದ ಆಪ್: ಯಾವ ತಡೆ ತೆಗೆಯಬೇಕು, ಯಾವುದನ್ನು ಮುಟ್ಟಬಾರದು

ಪ್ರಶ್ನೆ: ಬ್ರಹ್ಮಾವರದಲ್ಲಿ ಡಿಟಿಪಿ ಕೆಲಸ ಮಾಡಿಕೊಂಡಿದ್ದೇನೆ. ನನ್ನದು ರೆಡ್ಮಿ ಫೋನು, ಆಂಡ್ರಾಯ್ಡ್ 14. ಗಿರಾಕಿಗಳ ಕಾಗದಪತ್ರದ ವಿಷಯವನ್ನು ಫೋನಿನಲ್ಲೇ ಟೈಪ್ ಮಾಡುವುದು ಜಾಸ್ತಿ, ಹಾಗಾಗಿ ಇಂಟರ್ನೆಟ್ಟಿಗೆ ಏನನ್ನೂ ಕಳಿಸದ ಕೀಬೋರ್ಡ್ ಬೇಕಿತ್ತು. ಹೆಲಿಬೋರ್ಡ್ ಒಳ್ಳೆಯದೆಂದು ಕೇಳಿ ಹುಡುಕಿದರೆ ಪ್ಲೇ ಸ್ಟೋರಿನಲ್ಲಿ ಇಲ್ಲ. ಸ್ನೇಹಿತರೊಬ್ಬರು ವಾಟ್ಸಾಪಿನಲ್ಲಿ ಎಪಿಕೆ ಫೈಲ್ (ಆಪ್ ಇನ್‌ಸ್ಟಾಲ್ ಮಾಡುವ ಫೈಲು) ಕಳಿಸಿದರು. ಒತ್ತಿದರೆ ‘ಆಪ್ ನಾಟ್ ಇನ್‌ಸ್ಟಾಲ್ಡ್’ ಎನ್ನುತ್ತದೆ. ಮೊಬೈಲ್ ಅಂಗಡಿಯವರು ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ, ಡೆವಲಪರ್ ಆಪ್ಷನ್ಸ್ ಆನ್ ಮಾಡಿ ಎಂದರು. ಎರಡನೆಯದನ್ನು ಮಾಡಿದೆ, ಆವತ್ತಿನಿಂದ ಬ್ಯಾಂಕಿನ ಆಪ್ ತೆರೆಯುವುದಿಲ್ಲ. ಮನೆಯವಳ ಹತ್ತಿರ ಅಣ್ಣ ದುಬೈಯಿಂದ ತಂದುಕೊಟ್ಟ ಐಫೋನ್ ಉಂಟು. ಅದಕ್ಕೂ ಹೀಗೆ ಹೊರಗಿನ ಆಪ್ ಹಾಕಬಹುದೇ?

ಉತ್ತರ: ಮೊದಲು ಬ್ಯಾಂಕಿನ ಆಪ್ ಸರಿ ಮಾಡಿಕೊಳ್ಳಿ, ಅದು ಒಂದು ನಿಮಿಷದ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ‘ಅಡಿಷನಲ್ ಸೆಟ್ಟಿಂಗ್ಸ್’, ಅದರೊಳಗೆ ‘ಡೆವಲಪರ್ ಆಪ್ಷನ್ಸ್’. ಅಲ್ಲಿ ‘ಯುಎಸ್‌ಬಿ ಡಿಬಗ್ಗಿಂಗ್’ ಆಫ್ ಮಾಡಿ, ಆಮೇಲೆ ಪುಟದ ಮೇಲ್ತುದಿಯ ಮುಖ್ಯ ಸ್ವಿಚ್ಚನ್ನೇ ಆಫ್ ಮಾಡಿ. ಬ್ಯಾಂಕಿನ ಆಪ್ ಐಕಾನನ್ನು ಒತ್ತಿ ಹಿಡಿದು ‘ಆಪ್ ಇನ್ಫೋ’ಗೆ ಹೋಗಿ ‘ಫೋರ್ಸ್ ಸ್ಟಾಪ್’ ಕೊಟ್ಟು ಮತ್ತೆ ತೆರೆಯಿರಿ. ನಮ್ಮಲ್ಲಿನ ಹಲವು ಬ್ಯಾಂಕ್ ಆಪ್‌ಗಳು ತೆರೆಯುವಾಗಲೇ ಈ ಸ್ವಿಚ್ ಆನ್ ಇದೆಯೇ ಎಂದು ನೋಡುತ್ತವೆ, ಇದ್ದರೆ ಮುಂದೆ ಹೋಗಲು ಬಿಡುವುದಿಲ್ಲ. ಯುಎಸ್‌ಬಿ ಡಿಬಗ್ಗಿಂಗ್ ಆನ್ ಇದ್ದು ನೀವು ಒಪ್ಪಿಗೆ ಕೊಟ್ಟ ಕಂಪ್ಯೂಟರಿಗೆ ಫೋನ್ ಜೋಡಿಸಿದರೆ, ಆ ಕಂಪ್ಯೂಟರ್ ನಿಮ್ಮ ಪರದೆಯ ಚಿತ್ರ ತೆಗೆಯಬಹುದು, ಬೆರಳು ಒತ್ತಿದ ಹಾಗೆ ಒತ್ತಬಹುದು. ಬ್ಯಾಂಕಿನವರ ಹೆದರಿಕೆ ಅದು. ಎಪಿಕೆ ಫೈಲ್ ಹಾಕಲಿಕ್ಕೆ ಡೆವಲಪರ್ ಆಪ್ಷನ್ಸ್ ಬೇಕಾಗಿಯೇ ಇಲ್ಲ. ಕೇಬಲ್ ಹಾಕಿ ಕಂಪ್ಯೂಟರಿನಿಂದ ಇನ್‌ಸ್ಟಾಲ್ ಮಾಡುವವರಿಗೆ ಮಾತ್ರ ಬೇಕು. ಅಂಗಡಿಯವರು ತೆಗೆಸಿದ್ದು ನಿಮ್ಮ ಕೆಲಸಕ್ಕೆ ಸಂಬಂಧವೇ ಇಲ್ಲದ ಚಿಲಕ.

ಪ್ಲೇ ಪ್ರೊಟೆಕ್ಟ್ ಆಫ್ ಮಾಡದೆ ಉಳಿದದ್ದು ಒಳ್ಳೆಯದಾಯಿತು, ಹಾಗೇ ಇರಲಿ.

ಇನ್ನು ವಾಟ್ಸಾಪಿನಲ್ಲಿ ಬಂದ ಆ ಫೈಲ್. ಅದನ್ನು ಅಳಿಸಿಬಿಡಿ. ಸ್ನೇಹಿತರ ಮೇಲೆ ಸಂಶಯ ಪಡಬೇಕೆಂದಲ್ಲ, ಅವರಿಗೆ ಅದು ಎಲ್ಲಿಂದ ಬಂತೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಇನ್‌ಸ್ಟಾಲ್ ಆಗದೆ ಬರೀ ಫೈಲಾಗಿ ಬಿದ್ದಿರುವ ಎಪಿಕೆ ತಾನಾಗಿ ಓಡುವುದಿಲ್ಲ, ಹಾಗಾಗಿ ಇಷ್ಟರವರೆಗೆ ತೊಂದರೆ ಏನೂ ಆಗಿಲ್ಲ. ಆದರೆ ಬೇರೆ ಯಾವ ಆಪ್ ಆದರೂ ಇರಲಿ, ಕೀಬೋರ್ಡಿನಷ್ಟು ಒಳಗೆ ಕೂರುವುದು ಇನ್ನೊಂದಿಲ್ಲ. ನೀವು ಬೆರಳಿನಿಂದ ಒತ್ತುವ ಪ್ರತಿ ಅಕ್ಷರ ಅದರ ಮೂಲಕವೇ ಹೋಗುತ್ತದೆ, ಪಾಸ್‌ವರ್ಡ್ ಸಮೇತ. ಗಿರಾಕಿಗಳ ಗುಟ್ಟು ಕಾಯಲಿಕ್ಕೆಂದು ಕೀಬೋರ್ಡ್ ಬದಲಿಸುವವರು ಆ ಕೀಬೋರ್ಡನ್ನೇ ಫಾರ್ವರ್ಡ್ ಆಗಿ ಬಂದ ಫೈಲಿನಿಂದ ಹಾಕಿದರೆ ಬದಲಿಸಿ ಏನು ಬಂತು?

ತಡೆಗಳು ಯಾಕೆ ಇವೆ ಎಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಯಾವುದನ್ನು ತೆಗೆಯಬಹುದೆಂದು ತಿಳಿಯುವುದಿಲ್ಲ. ಹಳೆಯ ಆಂಡ್ರಾಯ್ಡಿನಲ್ಲಿ ‘ಅನ್‌ನೋನ್ ಸೋರ್ಸಸ್’ ಎಂಬ ಒಂದೇ ಸ್ವಿಚ್ ಇತ್ತು. ಒಮ್ಮೆ ಆನ್ ಮಾಡಿದರೆ ಯಾವ ದಾರಿಯಿಂದ ಬಂದ ಫೈಲಿಗೂ ಬಾಗಿಲು ತೆರೆದ ಹಾಗೆ. 2017ರ ಆಂಡ್ರಾಯ್ಡ್ 8ರಿಂದ ಅದು ಹೋಗಿ, ಪ್ರತಿ ಆಪ್‌ಗೂ ಬೇರೆ ಬೇರೆ ಒಪ್ಪಿಗೆ ಬಂತು. ಕ್ರೋಮ್‌ಗೆ ಒಪ್ಪಿಗೆ ಕೊಟ್ಟರೆ ಕ್ರೋಮ್ ಮೂಲಕ ಇಳಿಸಿದ್ದನ್ನು ಮಾತ್ರ ಹಾಕಬಹುದು, ವಾಟ್ಸಾಪಿಗೆ ಆ ಅಧಿಕಾರ ಬರುವುದಿಲ್ಲ. ಇದು ಬಹಳ ಒಳ್ಳೆಯ ವ್ಯವಸ್ಥೆ. ವಾಟ್ಸಾಪ್, ಟೆಲಿಗ್ರಾಮ್, ಮೆಸೇಜಸ್ ಇವುಗಳಿಗೆ ಈ ಒಪ್ಪಿಗೆ ಯಾವ ಕಾಲಕ್ಕೂ ಬೇಡ. ನಿಮ್ಮ ಫೋನಿನಲ್ಲಿ ಈಗಲೇ ನೋಡಿ: ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆಪ್ಸ್’ ಎಂದು ಹಾಕಿದರೆ ಪಟ್ಟಿ ಬರುತ್ತದೆ. ವಾಟ್ಸಾಪಿನ ಎದುರು ‘ಅಲೌಡ್’ ಎಂದಿದ್ದರೆ ತೆಗೆದುಬಿಡಿ.

ಎರಡನೆಯದು ಪ್ಲೇ ಪ್ರೊಟೆಕ್ಟ್. ಪ್ಲೇ ಸ್ಟೋರಿನ ಹೊರಗಿನಿಂದ ಬಂದ ಆಪನ್ನೂ ಇದು ಪರೀಕ್ಷೆ ಮಾಡುತ್ತದೆ. ಮೊದಲ ಸಲ ಕಂಡ ಆಪ್ ಆದರೆ ಅದರ ಕೋಡನ್ನು ಗೂಗಲ್‌ಗೆ ಕಳಿಸಿ ನೋಡೋಣವೇ ಎಂದು ಕೇಳುತ್ತದೆ. 2023ರ ಅಕ್ಟೋಬರಿನಲ್ಲಿ ಶುರುವಾದ ಈ ಪರೀಕ್ಷೆ ಮೊದಲು ಬಂದದ್ದು ಭಾರತಕ್ಕೇ. ಮರು ವರ್ಷ ಅಕ್ಟೋಬರಿನಲ್ಲಿ ಇನ್ನೊಂದು ಬಿಗಿಯನ್ನೂ ಇಲ್ಲಿ ಪ್ರಯೋಗಕ್ಕೆ ತರುವುದಾಗಿ ಗೂಗಲ್ ಹೇಳಿತು: ಬ್ರೌಸರ್, ಮೆಸೇಜ್ ಆಪ್ ಅಥವಾ ಫೈಲ್ ಮ್ಯಾನೇಜರ್ ಮೂಲಕ ಬಂದ ಆಪ್, ಎಸ್ಎಂಎಸ್ ಪಡೆಯುವುದು, ಎಸ್ಎಂಎಸ್ ಓದುವುದು, ನೋಟಿಫಿಕೇಶನ್ ಓದುವುದು, ಆಕ್ಸೆಸಿಬಿಲಿಟಿ (ಪರದೆಯಲ್ಲಿರುವುದನ್ನು ಓದಿ ನಿಮ್ಮ ಪರವಾಗಿ ಒತ್ತುವ ಅಧಿಕಾರ) ಎಂಬ ನಾಲ್ಕು ಸೂಕ್ಷ್ಮ ಅನುಮತಿಗಳನ್ನು ಕೇಳುವಂಥದ್ದಾದರೆ ಇನ್‌ಸ್ಟಾಲನ್ನೇ ತಡೆಯುವುದು. ಒಟಿಪಿ ಕದಿಯುವವರಿಗೆ ಬೇಕಾದದ್ದು ಇವೇ. ಹೆಲಿಬೋರ್ಡಿಗೆ ಈ ನಾಲ್ಕರಲ್ಲಿ ಒಂದೂ ಬೇಡ. ಹಾಗಿರುವಾಗ ಅದಕ್ಕೋಸ್ಕರ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ, ಒಂದೋ ಅವರಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಕೈಯಲ್ಲಿರುವ ಫೈಲ್ ಹೆಲಿಬೋರ್ಡ್ ಅಲ್ಲ.

ಮೂರನೆಯ ತಡೆ 2022ರಲ್ಲಿ ಆಂಡ್ರಾಯ್ಡ್ 13ರೊಂದಿಗೆ ಬಂತು, ಹೆಸರು ‘ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್’. ಆಪ್ ಇನ್‌ಸ್ಟಾಲ್ ಆಗಿದ್ದರೂ ಆಕ್ಸೆಸಿಬಿಲಿಟಿ, ನೋಟಿಫಿಕೇಶನ್ ಓದುವ ಅಧಿಕಾರ ಇವೆರಡನ್ನು ಕೊಡಲು ಹೋದರೆ ಸ್ವಿಚ್ ಬೂದು ಬಣ್ಣದಲ್ಲಿ ಕೂತಿರುತ್ತದೆ, ಒತ್ತಿದರೆ ಆಗುವುದಿಲ್ಲ ಎನ್ನುತ್ತದೆ. ಫೋನ್ ಮತ್ತು ಕಂಪ್ಯೂಟರ್ ಜೋಡಿಸುವ ಕೆಡಿಇ ಕನೆಕ್ಟ್‌ನಂಥ ಒಳ್ಳೆಯ ಆಪ್‌ಗಳಿಗೆ ನೋಟಿಫಿಕೇಶನ್ ಅಧಿಕಾರ ನಿಜಕ್ಕೂ ಬೇಕಾಗುತ್ತದೆ. ಅಂಥ ಕಡೆ ‘ಆಪ್ ಇನ್ಫೋ’ ಪುಟದ ಮೂಲೆಯ ಮೂರು ಚುಕ್ಕೆ ಒತ್ತಿ ‘ಅಲೌ ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್’ ಕೊಡಬಹುದು. ಒಂದು ಸಲ ಸ್ವಿಚ್ ಒತ್ತಲು ಹೋಗಿ ಬೇಡ ಎನಿಸಿಕೊಂಡ ಮೇಲೆಯೇ ಆ ಸಾಲು ಅಲ್ಲಿ ಕಾಣಿಸಿಕೊಳ್ಳುತ್ತದೆ. ಎಷ್ಟೋ ಜನ ಮೊದಲೇ ಹೋಗಿ ಹುಡುಕಿ, ತಮ್ಮ ಫೋನಿನಲ್ಲಿ ಇದು ಇಲ್ಲವೇ ಇಲ್ಲ ಎಂದುಕೊಳ್ಳುತ್ತಾರೆ. ಕೀಬೋರ್ಡಿಗೆ ಈ ಪುಟದ ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಈ ಮೂರರಲ್ಲಿ ನೀವು ತೆಗೆಯಬೇಕಾದದ್ದು ಮೊದಲನೆಯದು ಮಾತ್ರ, ಅದೂ ಒಂದು ಆಪ್‌ನ ಮಟ್ಟಿಗೆ, ಕೆಲಸ ಮುಗಿಯುವವರೆಗೆ.

ಈಗ ದಾರಿ. ಹೆಲಿಬೋರ್ಡ್ ಸಿಗುವುದು ಅದನ್ನು ಮಾಡಿದವರ ಗಿಟ್‌ಹಬ್ (ಆಪ್ ಮಾಡುವವರು ಕೋಡ್ ಇಡುವ ತಾಣ) ಪುಟದಲ್ಲಿ ಮತ್ತು ಎಫ್-ಡ್ರಾಯ್ಡ್ ಎಂಬ ಸ್ಟೋರಿನಲ್ಲಿ. ನಿಮಗೆ ನನ್ನ ಸಲಹೆ ಎಫ್-ಡ್ರಾಯ್ಡ್. ಇದು 2010ರಿಂದ ನಡೆದು ಬಂದ ಸ್ಟೋರು, ಕೋಡ್ ಬಹಿರಂಗ ಇರುವ ಆಪ್‌ಗಳನ್ನು ಮಾತ್ರ ಇಡುತ್ತದೆ, ಇಳಿಸಿದ ಪ್ರತಿ ಫೈಲೂ ತನ್ನ ಪಟ್ಟಿಯಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂದು ತಾನೇ ನೋಡಿಕೊಳ್ಳುತ್ತದೆ. ಕ್ರೋಮ್‌ನ ವಿಳಾಸದ ಜಾಗದಲ್ಲಿ ನೇರವಾಗಿ ಎಫ್, ಅಡ್ಡಗೆರೆ, ಡ್ರಾಯ್ಡ್, ಡಾಟ್ ಓಆರ್‌ಜಿ ಎಂದು ಹಾಕಿ. ಹುಡುಕಿ ಹೋಗಬೇಡಿ, ಹುಡುಕಾಟದ ಮೇಲಿನ ಸಾಲುಗಳಲ್ಲಿ ಎಪಿಕೆ ಹಂಚುವ ಬೇರೆ ತಾಣಗಳ ಜಾಹೀರಾತು ಬರುವುದುಂಟು. ಪುಟದಲ್ಲಿರುವ ಡೌನ್‌ಲೋಡ್ ಗುಂಡಿ ಒತ್ತಿ, ಫೈಲ್ ಇಳಿದ ಮೇಲೆ ತೆರೆಯಿರಿ. ಈ ಮೂಲದಿಂದ ಆಪ್ ಹಾಕಲು ಅನುಮತಿ ಇಲ್ಲ ಎಂದು ಫೋನ್ ಹೇಳುತ್ತದೆ, ಅಲ್ಲೇ ಇರುವ ಸೆಟ್ಟಿಂಗ್ಸ್ ಒತ್ತಿ ಕ್ರೋಮ್‌ಗೆ ಒಪ್ಪಿಗೆ ಕೊಡಿ. ಶಿಯೋಮಿಯವರ ಫೋನಿನಲ್ಲಿ ಇಲ್ಲಿ ಅಪಾಯದ ಎಚ್ಚರಿಕೆ ಬಂದು, ಸೆಕೆಂಡುಗಳು ಇಳಿಯುವವರೆಗೆ ‘ಓಕೆ’ ಗುಂಡಿ ಒತ್ತಲಿಕ್ಕೆ ಬರುವುದಿಲ್ಲ. ಕೆಟ್ಟುಹೋಗಿದೆ ಎಂದು ಹಿಂದೆ ಹೋಗಬೇಡಿ, ಕಾಯಿರಿ. ಎಫ್-ಡ್ರಾಯ್ಡ್ ಕೂತ ಕೂಡಲೇ ಮತ್ತೆ ಆ ಪಟ್ಟಿಗೆ ಹೋಗಿ ಕ್ರೋಮ್‌ನ ಒಪ್ಪಿಗೆ ವಾಪಸ್ ತೆಗೆದುಕೊಳ್ಳಿ. ಇನ್ನು ಮುಂದೆ ಆ ಒಪ್ಪಿಗೆ ಬೇಕಾದದ್ದು ಎಫ್-ಡ್ರಾಯ್ಡಿಗೆ ಮಾತ್ರ.

ಎಫ್-ಡ್ರಾಯ್ಡ್ ಮೊದಲ ಸಲ ತೆರೆದಾಗ ಪಟ್ಟಿ ಇಳಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ, ಅಲ್ಲಿಯವರೆಗೆ ಹುಡುಕಿದರೆ ಏನೂ ಸಿಗುವುದಿಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಬಂದು ಹೋಗಿ ಆಗುವ ಕಡೆ ಇದು ಅರ್ಧಕ್ಕೆ ನಿಲ್ಲುವುದೂ ಉಂಟು. ಪರದೆಯನ್ನು ಕೆಳಕ್ಕೆ ಎಳೆದುಬಿಟ್ಟರೆ ಮತ್ತೆ ಶುರು ಮಾಡುತ್ತದೆ. ಹೆಲಿಬೋರ್ಡ್ ಸಿಕ್ಕಿದ ಮೇಲೆ ಇನ್‌ಸ್ಟಾಲ್ ಕೊಡಿ.

ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ, ಇದಕ್ಕೆ ಕಂಪ್ಯೂಟರ್ ಬೇಡ. ಹೆಲಿಬೋರ್ಡಿನ ‘ಆಪ್ ಇನ್ಫೋ’, ಅದರಲ್ಲಿ ‘ಪರ್ಮಿಷನ್ಸ್’, ಮೂಲೆಯ ಮೂರು ಚುಕ್ಕೆ ಒತ್ತಿ ‘ಆಲ್ ಪರ್ಮಿಷನ್ಸ್’. ಮಾಮೂಲಿ ಅನುಮತಿ ಪುಟದಲ್ಲಿ ಇಂಟರ್ನೆಟ್ ಅನುಮತಿ ಕಾಣುವುದಿಲ್ಲ, ಈ ಒಳಪುಟದಲ್ಲಿ ಕಾಣುತ್ತದೆ. ನಿಜವಾದ ಹೆಲಿಬೋರ್ಡ್ ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ಅಲ್ಲಿ ‘ಫುಲ್ ನೆಟ್‌ವರ್ಕ್ ಆಕ್ಸೆಸ್’ ಎಂಬ ಸಾಲು ಕಂಡರೆ ಅದು ಹೆಲಿಬೋರ್ಡಿನ ಹೆಸರು ಹಾಕಿಕೊಂಡ ಬೇರೆ ಯಾವುದೋ ಆಪ್, ಆ ಕ್ಷಣವೇ ತೆಗೆದುಹಾಕಿ. ಸ್ನೇಹಿತರು ಆ ವಾಟ್ಸಾಪ್ ಫೈಲನ್ನು ತಮ್ಮ ಫೋನಿನಲ್ಲಿ ಹಾಕಿಕೊಂಡಿದ್ದರೆ ಅವರಿಗೂ ಈ ಪುಟ ನೋಡಲು ಹೇಳಿ.

ಕೀಬೋರ್ಡ್ ಚಾಲೂ ಮಾಡುವುದು ಸುಲಭ. ಆಪ್ ತೆರೆದರೆ ತಾನೇ ‘ಮ್ಯಾನೇಜ್ ಕೀಬೋರ್ಡ್ಸ್’ ಪುಟಕ್ಕೆ ಕರೆದೊಯ್ಯುತ್ತದೆ. ಸ್ವಿಚ್ ಒತ್ತಿದಾಗ, ನೀವು ಟೈಪ್ ಮಾಡುವ ಎಲ್ಲವನ್ನೂ ಇದು ಸಂಗ್ರಹಿಸಬಹುದು ಎಂಬ ಎಚ್ಚರಿಕೆ ಬರುತ್ತದೆ. ಹೊರಗಿನಿಂದ ಹಾಕುವ ಯಾವ ಕೀಬೋರ್ಡಿಗೂ ಆಂಡ್ರಾಯ್ಡ್ ಇದೇ ಮಾತು ಹೇಳುತ್ತದೆ. ಸಂಗ್ರಹಿಸಿದರೂ ಹೊರಗೆ ಕಳಿಸಲು ಇಂಟರ್ನೆಟ್ ಬೇಕಲ್ಲ, ಅದನ್ನು ಈಗಷ್ಟೇ ನೋಡಿಕೊಂಡಿರಿ. ಆಮೇಲೆ ಭಾಷೆಗಳ ಪುಟದಲ್ಲಿ ಕನ್ನಡ ಆನ್ ಮಾಡಿ. ಪದಸೂಚನೆಗೆ ನಿಘಂಟು ಫೈಲ್ ಬೇಕಾದರೆ ಅದು ತಾನಾಗಿ ಇಳಿಯುವುದಿಲ್ಲ, ಬ್ರೌಸರಿನಲ್ಲಿ ನೀವೇ ಇಳಿಸಿ ಆಪ್‌ಗೆ ತೋರಿಸಬೇಕು. ಇಂಟರ್ನೆಟ್ ಇಲ್ಲದ ಆಪ್ ಬೇಕೆಂದ ಮೇಲೆ ಇದು ಅದರ ಬೆಲೆ. ಬೆರಳು ಎಳೆದು ಟೈಪ್ ಮಾಡುವ ಸೌಲಭ್ಯವೂ ಮೂಲ ಆಪ್‌ನಲ್ಲಿ ಇಲ್ಲ. ಅದಕ್ಕೆ ಕೋಡ್ ಬಹಿರಂಗ ಇಲ್ಲದ ಒಂದು ಲೈಬ್ರರಿ ಫೈಲನ್ನು ಬೇರೆ ಕಡೆಯಿಂದ ತಂದು ಸೇರಿಸಬೇಕು, ನಿಮ್ಮ ಉದ್ದೇಶಕ್ಕೆ ಅದು ಬೇಡವೇ ಬೇಡ. ಡಿಟಿಪಿಯವರಾದ್ದರಿಂದ ಇನ್ನೊಂದು ಮಾತು: ನಮ್ಮೂರಿನವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರ ವಿನ್ಯಾಸಕ್ಕೆ, ಅಂದರೆ ನುಡಿ ತಂತ್ರಾಂಶದ ಕೀಲಿಗಳಿಗೆ, ನಿಮ್ಮ ಕೈ ಪಳಗಿದ್ದರೆ ಇಲ್ಲಿನ ಕನ್ನಡ ಕೀಲಿಗಳ ಜೋಡಣೆ ಶುರುವಿನಲ್ಲಿ ತಡವರಿಸುವಂತೆ ಮಾಡುತ್ತದೆ.

ಹಳೆಯ ಕೀಬೋರ್ಡನ್ನು ಕೂಡಲೇ ನಿಷ್ಕ್ರಿಯ ಮಾಡಬೇಡಿ. ಫೋನ್ ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ ನೋಡಿ. ಲಾಕ್ ತೆಗೆಯಲು ಅಂಕಿಗಳ ಪಿನ್ ಬದಲು ಅಕ್ಷರಗಳ ಪಾಸ್‌ವರ್ಡ್ ಇಟ್ಟುಕೊಂಡವರಿಗೆ, ಮೊದಲ ಸಲ ಲಾಕ್ ತೆರೆಯುವ ಮುಂಚೆ ಕೆಲಸ ಮಾಡುವ ಕೀಬೋರ್ಡ್ ಒಂದಾದರೂ ಇರಬೇಕು. ಇಲ್ಲದಿದ್ದರೆ ಫೋನಿನ ಹೊರಗೇ ಉಳಿಯಬೇಕಾಗುತ್ತದೆ.

ಇನ್ನು ನಿಮ್ಮನ್ನು ಕಾಡಿದ ‘ಆಪ್ ನಾಟ್ ಇನ್‌ಸ್ಟಾಲ್ಡ್’. ಇದರಂತೆ ಏನೂ ಹೇಳದ ಸಂದೇಶ ಇನ್ನೊಂದಿಲ್ಲ, ಹಿಂದೆ ಆರೇಳು ಬೇರೆ ಬೇರೆ ಕಾರಣ ಇರಬಹುದು. ಅತಿ ಸಾಮಾನ್ಯವಾದದ್ದು ಸಹಿಯ ಜಗಳ. ಪ್ರತಿ ಎಪಿಕೆಯ ಮೇಲೂ ಅದನ್ನು ಕಟ್ಟಿದವರ ಡಿಜಿಟಲ್ ಸಹಿ ಇರುತ್ತದೆ. ಫೋನಿನಲ್ಲಿ ಆಗಲೇ ಆ ಆಪ್ ಇದ್ದರೆ, ಹೊಸ ಫೈಲಿನ ಸಹಿಯೂ ಅದೇ ಆಗಿದ್ದರೆ ಮಾತ್ರ ಅಪ್‌ಡೇಟ್ ಒಪ್ಪುತ್ತದೆ, ಬೇರೆಯಾಗಿದ್ದರೆ ತಳ್ಳಿಬಿಡುತ್ತದೆ. ಟರ್ಮಕ್ಸ್ ಎಂಬ ಆಪ್‌ನ ಎಫ್-ಡ್ರಾಯ್ಡ್ ಪ್ರತಿಗೂ ಗಿಟ್‌ಹಬ್ ಪ್ರತಿಗೂ ಸಹಿ ಬೇರೆ. ಎರಡೂ ಅಸಲಿಯೇ, ಆದರೆ ಒಂದರ ಮೇಲೆ ಇನ್ನೊಂದು ಕೂರುವುದಿಲ್ಲ. ಹಳೆಯದನ್ನು ತೆಗೆದೇ ಹಾಕಬೇಕು, ತೆಗೆದರೆ ಅದರ ಒಳಗಿನ ಡೇಟಾ ಹೋಗುತ್ತದೆ, ಮೊದಲು ಬ್ಯಾಕಪ್ ಮಾಡಿಕೊಳ್ಳಬೇಕು. ಆಪ್ ತೆಗೆದ ಮೇಲೂ ಇದೇ ಜಗಳ ಮುಂದುವರಿದರೆ ಶಿಯೋಮಿಯ ‘ಸೆಕೆಂಡ್ ಸ್ಪೇಸ್’ ಅಥವಾ ‘ಡ್ಯುಯಲ್ ಆಪ್ಸ್’ ಒಳಗೆ ಅದರ ಇನ್ನೊಂದು ಪ್ರತಿ ಕೂತಿದೆಯೇ ನೋಡಿ. ಬಳಕೆದಾರ ಬೇರೆಯಾದರೂ ಫೋನಿನ ಲೆಕ್ಕದಲ್ಲಿ ಪ್ಯಾಕೇಜ್ ಒಂದೇ.

ಈ ಸಹಿಯ ಜಗಳ ಎಷ್ಟೋ ಸಲ ನಿಮ್ಮನ್ನು ಕಾಪಾಡುವುದೂ ಉಂಟು. ಗೊತ್ತಿರುವ ಆಪ್‌ಗೆ ‘ಹೊಸ ವರ್ಷನ್’ ಎಂದು ಯಾರೋ ಕಳಿಸಿದ ಫೈಲು ಅಪ್‌ಡೇಟ್ ಆಗಿ ಕೂರದೆ, ಹಳೆಯದನ್ನು ತೆಗೆದು ಹಾಕು ಎನ್ನುತ್ತಿದ್ದರೆ, ಅದನ್ನು ಕಟ್ಟಿದವರು ಮೂಲದವರಲ್ಲ ಎಂದೇ ಮೊದಲು ಅನುಮಾನ ಪಡಬೇಕು.

ಎರಡನೆಯ ಕಾರಣ ಪ್ರೊಸೆಸರಿನ ಬಗೆ. ಗಿಟ್‌ಹಬ್ ಪುಟಗಳಲ್ಲಿ ಒಂದೇ ಆಪ್‌ಗೆ ಮೂರ್ನಾಲ್ಕು ಫೈಲು ಇರುತ್ತವೆ: 64 ಬಿಟ್ಟಿನ ಆರ್ಮ್, 32 ಬಿಟ್ಟಿನ ಆರ್ಮ್, ಇಂಟೆಲ್ ಮಾದರಿ, ಎಲ್ಲದಕ್ಕೂ ಆಗುವ ‘ಯೂನಿವರ್ಸಲ್’. ಈಗಿನ ಹೆಚ್ಚಿನ ಫೋನುಗಳಿಗೆ ಮೊದಲನೆಯದು ಸರಿ. ಆದರೆ 2, 3 ಜಿಬಿ ರ‍್ಯಾಮಿನ ಅಗ್ಗದ ಫೋನುಗಳಲ್ಲಿ ಚಿಪ್ 64 ಬಿಟ್ಟಿನದಾದರೂ ಆಂಡ್ರಾಯ್ಡ್ 32 ಬಿಟ್ಟಿನದು ಇರುವುದುಂಟು, ಅಲ್ಲಿ ಅದು ಕೂರುವುದಿಲ್ಲ. ಗೊಂದಲವಾದರೆ ಯೂನಿವರ್ಸಲ್ ತೆಗೆದುಕೊಳ್ಳಿ, ಗಾತ್ರ ಜಾಸ್ತಿ ಅಷ್ಟೆ. ಮೂರನೆಯದು ತುಂಡು ಫೈಲು. 2021ರ ಆಗಸ್ಟಿನಿಂದ ಪ್ಲೇ ಸ್ಟೋರಿಗೆ ಹೊಸ ಆಪ್‌ಗಳು ಒಂದೇ ಎಪಿಕೆಯಾಗಿ ಅಲ್ಲ, ‘ಆಪ್ ಬಂಡಲ್’ ಆಗಿ ಹೋಗಬೇಕು, ಅಲ್ಲಿಂದ ನಿಮ್ಮ ಫೋನಿಗೆ ತಕ್ಕ ತುಂಡುಗಳು ಬರುತ್ತವೆ. ಒಂದು ಫೋನಿನಿಂದ ಮುಖ್ಯ ತುಂಡನ್ನು ಮಾತ್ರ ಹೊರತೆಗೆದು ಇನ್ನೊಬ್ಬರಿಗೆ ಕಳಿಸಿದರೆ ಅದು ಇನ್‌ಸ್ಟಾಲ್ ಆಗುವುದಿಲ್ಲ, ಒಂದು ವೇಳೆ ಇನ್‌ಸ್ಟಾಲ್ ಆದರೂ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಹಂಚುವ ಆಪ್‌ಗಳ ಮೂಲಕ ಒಬ್ಬರಿಂದೊಬ್ಬರಿಗೆ ಬರುವ ಫೈಲುಗಳ ತೊಂದರೆ ಹಲವು ಸಲ ಇದೇ. ನಾಲ್ಕನೆಯದು ವಯಸ್ಸು: ನಿಮ್ಮ ಆಂಡ್ರಾಯ್ಡ್ 14, ಆಂಡ್ರಾಯ್ಡ್ 6ಕ್ಕಿಂತ ಹಳೆಯ ಆವೃತ್ತಿಯನ್ನು ಗುರಿಯಾಗಿಟ್ಟು ಕಟ್ಟಿದ ಆಪನ್ನು ಸೇರಿಸುವುದೇ ಇಲ್ಲ. ಹಳೆಯ ಆಪ್‌ಗಳು ಕೇಳದೆಯೇ ಎಲ್ಲ ಅನುಮತಿ ಪಡೆಯುತ್ತಿದ್ದವು, ಕಳ್ಳರು ಬೇಕೆಂದೇ ಹಾಗೆ ಕಟ್ಟುತ್ತಿದ್ದರು. ಇನ್ನು ಫೈಲ್ ಅರ್ಧ ಇಳಿದಿರುವುದು, ಜಾಗ ಸಾಲದಿರುವುದು, ಈಗಿರುವುದಕ್ಕಿಂತ ಹಳೆಯ ವರ್ಷನ್ ಹಾಕಲು ಹೋಗಿರುವುದು, ಇವೆಲ್ಲ ನೋಡಿದ ಕೂಡಲೇ ಗೊತ್ತಾಗುವಂಥವು.

ಯಾವುದೆಂದು ಊಹಿಸಿ ಸುಸ್ತಾದರೆ ಕಂಪ್ಯೂಟರಿನಿಂದ ಎಡಿಬಿ (ಕೇಬಲ್ ಮೂಲಕ ಫೋನಿಗೆ ಆದೇಶ ಕೊಡುವ ಸಾಧನ) ಮೂಲಕ ಹಾಕಿ ನೋಡಬಹುದು, ಅದು ಕಾರಣವನ್ನು ಬಿಡಿಸಿ ಹೇಳುತ್ತದೆ. ಗೂಗಲ್ಲಿನ ಆಂಡ್ರಾಯ್ಡ್ ಡೆವಲಪರ್ ತಾಣದಿಂದ ‘ಪ್ಲಾಟ್‌ಫಾರ್ಮ್ ಟೂಲ್ಸ್’ ಜಿಪ್ ಇಳಿಸಿ ಬಿಡಿಸಿದರೆ ಸಾಕು, ಇನ್‌ಸ್ಟಾಲ್ ಬೇಡ. ಫೋನಿನಲ್ಲಿ ಬಿಲ್ಡ್ ನಂಬರನ್ನು (ಶಿಯೋಮಿಯಲ್ಲಿ ಓಎಸ್ ವರ್ಷನ್ ಸಾಲನ್ನು) 7 ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆದು ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಬೇಕು. ಶಿಯೋಮಿಯಲ್ಲಿ ಜೊತೆಗೆ ‘ಇನ್‌ಸ್ಟಾಲ್ ವಯಾ ಯುಎಸ್‌ಬಿ’ ಕೂಡ ಆನ್ ಆಗಬೇಕು. ಅದಕ್ಕೆ ಶಿಯೋಮಿ ಖಾತೆ ಮತ್ತು ಫೋನಿನೊಳಗೆ ಸಿಮ್ ಎರಡನ್ನೂ ಕೇಳುತ್ತದೆ. ಇಲ್ಲದಿದ್ದರೆ ‘ಯೂಸರ್ ರಿಸ್ಟ್ರಿಕ್ಟೆಡ್’ ಎಂಬ ದೋಷ ಬರುತ್ತದೆ. ಬರೀ ಚಾರ್ಜಿಂಗಿಗೆ ಆಗುವ ಕೇಬಲ್ ನಡೆಯುವುದಿಲ್ಲ, ಡೇಟಾ ಹೋಗುವ ಕೇಬಲ್ಲೇ ಬೇಕು. ಬಿಡಿಸಿದ ಫೋಲ್ಡರಿನಲ್ಲಿ ಕಮಾಂಡ್ ಕಿಟಕಿ ತೆರೆದು ಎಡಿಬಿ, ಜಾಗ ಬಿಟ್ಟು ಡಿವೈಸಸ್ ಎಂದು ಕೊಟ್ಟರೆ ಫೋನಿನ ಸಂಖ್ಯೆ ಬರುತ್ತದೆ. ಪಕ್ಕದಲ್ಲಿ ‘ಅನ್‌ಆಥರೈಸ್ಡ್’ ಎಂದಿದ್ದರೆ ಫೋನಿನ ಪರದೆಯಲ್ಲಿ ಒಪ್ಪಿಗೆ ಕೇಳುತ್ತಾ ಕೂತಿದೆ ಎಂದರ್ಥ. ಆಮೇಲೆ ಎಡಿಬಿ, ಇನ್‌ಸ್ಟಾಲ್, ಫೈಲಿನ ಹೆಸರು. ‘ಅಪ್‌ಡೇಟ್ ಇನ್‌ಕಂಪ್ಯಾಟಿಬಲ್’ ಎಂದರೆ ಸಹಿಯ ಜಗಳ, ‘ನೋ ಮ್ಯಾಚಿಂಗ್ ಎಬಿಐಸ್’ ಎಂದರೆ ಪ್ರೊಸೆಸರ್ ಬೇರೆ, ‘ಮಿಸ್ಸಿಂಗ್ ಸ್ಪ್ಲಿಟ್’ ಎಂದರೆ ತುಂಡು ಕಡಿಮೆ, ‘ಓಲ್ಡರ್ ಎಸ್‌ಡಿಕೆ’ ಎಂದರೆ ನಿಮ್ಮ ಆಂಡ್ರಾಯ್ಡೇ ಆ ಆಪ್‌ಗೆ ಹಳೆಯದು. ಕೆಲಸ ಮುಗಿದ ಮೇಲೆ ಡೆವಲಪರ್ ಆಪ್ಷನ್ಸ್ ಆಫ್. ಬ್ಯಾಂಕಿನ ಆಪ್ ನೆನಪಿರಲಿ.

ಸ್ಯಾಮ್‌ಸಂಗ್ ಇರುವವರು ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ‘ಸೆಕ್ಯೂರಿಟಿ ಅಂಡ್ ಪ್ರೈವಸಿ’ ಒಳಗೆ ‘ಆಟೋ ಬ್ಲಾಕರ್’ ಎಂಬುದು ಬೇರೆ ಉಂಟು. ಅದು ಆನ್ ಇದ್ದರೆ ಮೇಲೆ ಹೇಳಿದ ಒಪ್ಪಿಗೆಯ ಸ್ವಿಚ್ಚೇ ಒತ್ತಲು ಸಿಗುವುದಿಲ್ಲ. ಆಪ್ ಹಾಕುವಷ್ಟು ಹೊತ್ತು ಆಫ್ ಮಾಡಿ ಮತ್ತೆ ಆನ್ ಮಾಡಿ. ಆಫೀಸಿನವರು ಕೊಟ್ಟ ಫೋನಾದರೆ ಅಲ್ಲಿ ಐಟಿ ವಿಭಾಗದವರೇ ಹೊರಗಿನ ಆಪ್‌ಗೆ ತಡೆ ಹಾಕಿರುತ್ತಾರೆ. ಅದನ್ನು ದಾಟುವ ಉಪಾಯ ಹುಡುಕುವ ಬದಲು ಅವರನ್ನೇ ಕೇಳುವುದು ಸರಿ.

ಅಪ್‌ಡೇಟ್ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಪ್ಲೇ ಸ್ಟೋರಿನ ಹೊರಗಿನ ಆಪನ್ನು ಪ್ಲೇ ಸ್ಟೋರ್ ನೋಡಿಕೊಳ್ಳುವುದಿಲ್ಲ. ಫೈಲ್ ಇಳಿಸಿ ಹಾಕಿ ಬಿಟ್ಟರೆ ಅದು ಆವತ್ತಿನ ಸ್ಥಿತಿಯಲ್ಲೇ ಉಳಿಯುತ್ತದೆ, ಆಮೇಲೆ ಕಂಡುಬಂದ ದೋಷಗಳೂ ಒಳಗೇ ಉಳಿಯುತ್ತವೆ. ಎಫ್-ಡ್ರಾಯ್ಡ್ ಮೂಲಕವೇ ಹಾಕಿಸಿ ಎಂದದ್ದಕ್ಕೆ ಇದೂ ಒಂದು ಕಾರಣ. ಆಂಡ್ರಾಯ್ಡ್ 12ರಿಂದ ಮೇಲೆ, ತಾನು ಹಾಕಿದ ಆಪ್‌ಗಳನ್ನು ಅದು ಹೆಚ್ಚಾಗಿ ಕೇಳದೆಯೇ ಅಪ್‌ಡೇಟ್ ಮಾಡಬಲ್ಲದು. ಆದರೆ ಶಿಯೋಮಿ ಫೋನು ಹಿನ್ನೆಲೆಯಲ್ಲಿ ಓಡುವ ಆಪ್‌ಗಳನ್ನು ನಿರ್ದಯವಾಗಿ ನಿಲ್ಲಿಸುತ್ತದೆ. ಎಫ್-ಡ್ರಾಯ್ಡಿನ ‘ಆಪ್ ಇನ್ಫೋ’ದಲ್ಲಿ ‘ಆಟೋಸ್ಟಾರ್ಟ್’ ಆನ್ ಮಾಡಿ, ‘ಬ್ಯಾಟರಿ ಸೇವರ್’ನಲ್ಲಿ ‘ನೋ ರಿಸ್ಟ್ರಿಕ್ಷನ್ಸ್’ ಇಡಿ. ಗಿಟ್‌ಹಬ್‌ನಿಂದಲೇ ಆಪ್ ತೆಗೆದುಕೊಳ್ಳುವವರಿಗೆ ಒಬ್ಟೇನಿಯಂ ಎಂಬ ಆಪ್ ಉಂಟು, ಅದು ಮೂಲದವರ ಪುಟವನ್ನೇ ನೋಡುತ್ತಿದ್ದು ಹೊಸದು ಬಂದಾಗ ತಿಳಿಸುತ್ತದೆ.

ಮದುವೆ ಕಾಗದ, ಆರ್‌ಟಿಒ ಚಲನ್, ಕರೆಂಟ್ ಬಿಲ್ ಎಂದು ಹೆಸರಿಟ್ಟುಕೊಂಡು ವಾಟ್ಸಾಪಿನಲ್ಲಿ ಬರುವ ಎಪಿಕೆಗಳ ವಿಷಯ ಕೇಳಿರುತ್ತೀರಿ. ಮದುವೆ ಕಾಗದ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಆಪ್ ಆಗಿ ಯಾಕೆ ಬರಬೇಕು ಮಾರಾಯ್ರೇ? ಮನೆಯಲ್ಲಿ ಯಾರಾದರೂ ಅಂಥದ್ದನ್ನು ಹಾಕಿಬಿಟ್ಟಿದ್ದರೆ ಮೊದಲು ಆ ಫೋನಿನ ಮೊಬೈಲ್ ಡೇಟಾ, ವೈಫೈ ಎರಡೂ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಹೋಗಿದ್ದರೆ ತಡೆಹಿಡಿಯುವ ಸಾಧ್ಯತೆ ಮೊದಲ ಗಂಟೆಗಳಲ್ಲೇ ಹೆಚ್ಚು. ಬ್ಯಾಂಕಿನ ಪಾಸ್‌ವರ್ಡ್ ಬದಲಿಸುವುದೂ ಬೇರೆ ಫೋನಿನಿಂದಲೇ ಆಗಬೇಕು. ಆಮೇಲೆ ಆ ಫೋನನ್ನು ಸೇಫ್ ಮೋಡ್‌ನಲ್ಲಿ ಆನ್ ಮಾಡಿದರೆ ಹೊರಗಿನ ಆಪ್‌ಗಳು ಓಡುವುದಿಲ್ಲ. ಆಗ ‘ಡಿವೈಸ್ ಅಡ್ಮಿನ್’ ಪಟ್ಟಿಯಲ್ಲಿ ಅದರ ಹೆಸರಿದ್ದರೆ ತೆಗೆದು, ಬಳಿಕ ಅನ್‌ಇನ್‌ಸ್ಟಾಲ್ ಮಾಡಿ. ಐಕಾನ್ ಅಡಗಿಸಿಕೊಂಡಿರುತ್ತದೆ, ಹಾಗಾಗಿ ಸೆಟ್ಟಿಂಗ್ಸ್‌ನ ಪೂರ್ತಿ ಪಟ್ಟಿಯಲ್ಲಿ ಹುಡುಕಬೇಕು. ಕಾಲ್ ಫಾರ್ವರ್ಡ್ ಹಾಕಿಟ್ಟಿರುವುದೂ ಉಂಟು, ##002# ಡಯಲ್ ಮಾಡಿದರೆ ಅದು ರದ್ದಾಗುತ್ತದೆ. ವಾಟ್ಸಾಪಿನ ‘ಲಿಂಕ್ಡ್ ಡಿವೈಸಸ್’ ಕೂಡ ನೋಡಿ. ಕೊನೆಗೆ ಬೇಕಾದ ಫೋಟೊಗಳನ್ನು ತೆಗೆದಿಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡುವುದೇ ನಿಶ್ಚಿಂತೆ. ಜಿಬಿ ವಾಟ್ಸಾಪಿನಂಥ ಮಾರ್ಪಡಿಸಿದ ಆಪ್‌ಗಳೂ ಬೇಡ, ಅವುಗಳನ್ನು ಬಳಸುವವರ ಖಾತೆಯನ್ನೇ ವಾಟ್ಸಾಪ್ ನಿರ್ಬಂಧಿಸುತ್ತದೆ.

ಐಫೋನಿನ ಕತೆ ಪೂರ್ತಿ ಬೇರೆ. ಅಲ್ಲಿ ಒಪ್ಪಿಗೆ ಕೊಡುವ ಸ್ವಿಚ್ ಇಲ್ಲ. ಯಾವ ಆಪ್ ಓಡಬೇಕಾದರೂ ಆಪಲ್ ಒಪ್ಪಿದ ಪ್ರಮಾಣಪತ್ರದ ಸಹಿ ಬೇಕು. ಬೇರೆ ಸ್ಟೋರುಗಳಿಗೆ ಮೊದಲು ದಾರಿ ಬಿಟ್ಟದ್ದು ಐರೋಪ್ಯ ಒಕ್ಕೂಟದ ದೇಶಗಳಲ್ಲಿ, 2024ರ ಮಾರ್ಚಿನ ಐಓಎಸ್ 17.4ರಿಂದ. ಅದು ಅಲ್ಲಿನ ಕಾನೂನಿನ ಒತ್ತಡಕ್ಕೆ. ದುಬೈಯಲ್ಲಿ ಕೊಂಡ ಫೋನಿಗಾಗಲಿ ಮಂಗಳೂರಿನಲ್ಲಿ ಕೊಂಡದ್ದಕ್ಕಾಗಲಿ ಆ ಸೌಲಭ್ಯ ಇಲ್ಲ.

ಉಳಿದದ್ದು ಆಪಲ್ ತನ್ನ ಡೆವಲಪರ್‌ಗಳಿಗೆ ಬಿಟ್ಟ ಕಿಂಡಿ. ಯಾವ ಆಪಲ್ ಖಾತೆಯಿಂದಲೂ ಪುಕ್ಕಟೆಯಾಗಿ, ಸ್ವಂತ ಫೋನಿನ ಮಟ್ಟಿಗೆ ಆಪ್‌ಗೆ ಸಹಿ ಹಾಕಬಹುದು, ಆದರೆ ಆ ಸಹಿಗೆ ಆಯುಷ್ಯ 7 ದಿನ. ಒಂದು ಹೊತ್ತಿಗೆ ಅಂಥ 3 ಆಪ್ ಮಾತ್ರ, 7 ದಿನಕ್ಕೆ 10 ಆಪ್ ಐಡಿ ಮಾತ್ರ. ವರ್ಷಕ್ಕೆ 99 ಡಾಲರ್ ಕಟ್ಟುವ ಡೆವಲಪರ್ ಆದರೆ ಸಹಿ ಒಂದು ವರ್ಷ ಇರುತ್ತದೆ. ಪುಕ್ಕಟೆ ಸಹಿಯನ್ನು ಮತ್ತೆ ಮತ್ತೆ ಹೊಸದು ಮಾಡಿಕೊಡುವುದೇ 2019ರಲ್ಲಿ ಬಂದ ಆಲ್ಟ್‌ಸ್ಟೋರಿನ ಕೆಲಸ. ಕಂಪ್ಯೂಟರಿನಲ್ಲಿ ಅದರ ಜೊತೆಗಾರ ಆಲ್ಟ್‌ಸರ್ವರ್ ಹಾಕಬೇಕು. ವಿಂಡೋಸ್ ಆದರೆ ಐಟ್ಯೂನ್ಸ್, ಐಕ್ಲೌಡ್ ಎರಡನ್ನೂ ಮೈಕ್ರೋಸಾಫ್ಟ್ ಸ್ಟೋರಿನಿಂದಲ್ಲ, ಆಪಲ್ ತಾಣದಿಂದಲೇ ಇಳಿಸಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕೇಬಲ್ ಹಾಕಿ ಆಲ್ಟ್‌ಸ್ಟೋರ್ ಕಳಿಸಿದ ಮೇಲೆ ಫೋನಿನ ‘ಜನರಲ್’ ಒಳಗಿನ ‘ವಿಪಿಎನ್ ಅಂಡ್ ಡಿವೈಸ್ ಮ್ಯಾನೇಜ್‌ಮೆಂಟ್’ನಲ್ಲಿ ಆ ಖಾತೆಯನ್ನು ‘ಟ್ರಸ್ಟ್’ ಮಾಡಬೇಕು. ಐಓಎಸ್ 16ರಿಂದ ‘ಪ್ರೈವಸಿ ಅಂಡ್ ಸೆಕ್ಯೂರಿಟಿ’ಯ ತಳದಲ್ಲಿರುವ ‘ಡೆವಲಪರ್ ಮೋಡ್’ ಕೂಡ ಆನ್ ಮಾಡಿ ಫೋನ್ ರೀಸ್ಟಾರ್ಟ್ ಮಾಡಬೇಕು. ಮನೆಯವರ ಮುಖ್ಯ ಆಪಲ್ ಖಾತೆ ಬಳಸಬೇಡಿ, ಇದಕ್ಕೆಂದೇ ಇನ್ನೊಂದು ಮಾಡಿ.

ವಾರ ಮುಗಿಯುವ ಮುಂಚೆ ಫೋನು, ಕಂಪ್ಯೂಟರ್ ಎರಡೂ ಒಂದೇ ವೈಫೈಯಲ್ಲಿದ್ದು, ಆಲ್ಟ್‌ಸರ್ವರ್ ಓಡುತ್ತಿರಬೇಕು. ಮಣಿಪಾಲದ ಹಾಸ್ಟೆಲ್, ಪಿಜಿಗಳಂಥ ಕಡೆ ಒಂದು ಯಂತ್ರ ಇನ್ನೊಂದನ್ನು ನೋಡದಂತೆ ವೈಫೈಗೆ ತಡೆ ಹಾಕಿಟ್ಟಿದ್ದರೆ ಇದು ನಡೆಯುವುದಿಲ್ಲ, ಕೇಬಲ್ಲೇ ಗತಿ. ಅವಧಿ ತಪ್ಪಿದರೆ ಆಪ್ ತೆರೆಯುವುದಿಲ್ಲ, ಆದರೆ ಡೇಟಾ ಒಳಗೇ ಇರುತ್ತದೆ. ಹೆದರಿ ಆಪ್ ಅಳಿಸಬೇಡಿ, ಅದೇ ಖಾತೆಯಿಂದ ಮತ್ತೆ ಸಹಿ ಹಾಕಿದರೆ ಮರಳಿ ತೆರೆಯುತ್ತದೆ. ಕೀಬೋರ್ಡಿಗಾದರೆ ಈ ದಾರಿ ಇನ್ನೂ ದಂಡ: ಐಫೋನಿನಲ್ಲಿ ಕೀಬೋರ್ಡ್ ಎಂದರೆ ಆಪ್ ಮತ್ತು ಅದರ ಎಕ್ಸ್‌ಟೆನ್ಷನ್ ಎರಡು ಸೇರಿ, ಎರಡಕ್ಕೂ ಬೇರೆ ಬೇರೆ ಐಡಿ ಖರ್ಚಾಗುತ್ತದೆ, ವಾರಕ್ಕೊಮ್ಮೆ ಟೈಪ್ ಮಾಡುವುದೇ ನಿಂತುಹೋಗುವ ಭಯ ಬೇರೆ.

ನಿಮ್ಮ ಮನೆಯವರಿಗೆ ಇದೆಲ್ಲ ಬೇಡ. ಐಫೋನಿನೊಳಗೇ ಆಪಲ್‌ನ ಕನ್ನಡ ಕೀಬೋರ್ಡ್ ಉಂಟು: ‘ಜನರಲ್’, ‘ಕೀಬೋರ್ಡ್’, ‘ಕೀಬೋರ್ಡ್ಸ್’, ‘ಆ್ಯಡ್ ನ್ಯೂ ಕೀಬೋರ್ಡ್’. ಆಪ್ ಸ್ಟೋರಿನಿಂದ ಬೇರೆಯದು ಹಾಕಿದರೂ ‘ಅಲೌ ಫುಲ್ ಆಕ್ಸೆಸ್’ ಆಫ್ ಇರುವ ತನಕ ಅದಕ್ಕೆ ಇಂಟರ್ನೆಟ್ ಸಿಗುವುದಿಲ್ಲ, ಪಾಸ್‌ವರ್ಡ್ ಜಾಗದಲ್ಲಿ ಐಫೋನ್ ತನ್ನ ಸ್ವಂತ ಕೀಬೋರ್ಡನ್ನೇ ತರುತ್ತದೆ. ಈ ಒಂದು ವಿಷಯದಲ್ಲಿ ಆಂಡ್ರಾಯ್ಡಿಗಿಂತ ಐಫೋನ್ ಮುಂದೆ ಎನ್ನಲೇಬೇಕು. ದುಡ್ಡು ತೆಗೆದುಕೊಂಡು ಆಪ್‌ಗೆ ಸಹಿ ಹಾಕಿಕೊಡುವ ತಾಣಗಳು, ‘ಪ್ರೊಫೈಲ್ ಇನ್‌ಸ್ಟಾಲ್ ಮಾಡಿ’ ಎನ್ನುವ ಲಿಂಕುಗಳು, ಇವುಗಳ ಹತ್ತಿರ ಹೋಗಬೇಡಿ. ಕಂಪನಿಗಳಿಗೆಂದು ಕೊಟ್ಟ ಪ್ರಮಾಣಪತ್ರವನ್ನು ಅವು ಕಳ್ಳತನದಲ್ಲಿ ಬಳಸುತ್ತವೆ, ಆಪಲ್ ರದ್ದು ಮಾಡಿದ ದಿನ ಆಪ್ ಸಾಯುತ್ತದೆ. ನಕಲಿ ಷೇರು ವ್ಯವಹಾರದ ಆಪ್‌ಗಳು ಐಫೋನಿಗೆ ಬಂದ ಒಂದು ದಾರಿಯೂ ಅದೇ. ಜೈಲ್‌ಬ್ರೇಕ್ (ಆಪಲ್ ಹಾಕಿದ ತಡೆಗಳನ್ನೇ ಮುರಿಯುವುದು) ಬಗ್ಗೆ ಯಾರಾದರೂ ಹೇಳಿದರೆ, ಬ್ಯಾಂಕ್ ಆಪ್ ಇಟ್ಟುಕೊಳ್ಳುವ ಫೋನಿಗೆ ಅದು ಯೋಚಿಸುವ ಮಾತೇ ಅಲ್ಲ.

ಆಂಡ್ರಾಯ್ಡಿನ ಬದಿಗೂ ಮುಂದೆ ಬದಲಾವಣೆ ಬರಲಿಕ್ಕುಂಟು. ಪ್ಲೇ ಸ್ಟೋರಿನ ಹೊರಗಿನ ಆಪ್ ಮಾಡುವವರೂ ತಮ್ಮ ಗುರುತನ್ನು ನೋಂದಾಯಿಸಬೇಕು, ಇಲ್ಲದಿದ್ದರೆ ಗೂಗಲ್ ಪ್ರಮಾಣೀಕರಿಸಿದ ಫೋನುಗಳಲ್ಲಿ ಅದು ಕೂರುವುದಿಲ್ಲ ಎಂದು ಗೂಗಲ್ 2025ರ ಆಗಸ್ಟಿನಲ್ಲಿ ಪ್ರಕಟಿಸಿತು. 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೋನೇಷ್ಯ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಮೊದಲು, 2027ರಿಂದ ಉಳಿದ ದೇಶಗಳಿಗೆ ಎಂದು ಆಗ ಹೇಳಿದ್ದು. ಎಫ್-ಡ್ರಾಯ್ಡಿನವರು ಇದನ್ನು ಬಲವಾಗಿ ವಿರೋಧಿಸಿದರು. ಹೆಸರು ಹೇಳದೆ ಆಪ್ ಮಾಡಿ ಹಂಚುವ ಸ್ವಯಂಸೇವಕರು ಇರುವುದೇ ಅಲ್ಲಿ, ಹಾಗಾಗಿ ವಿರೋಧಕ್ಕೆ ಕಾರಣ ಇತ್ತು. ಗುರುತಿಲ್ಲದವರ ಆಪನ್ನೂ ಅಪಾಯ ಗೊತ್ತಿದ್ದು ಹಾಕಿಕೊಳ್ಳುವವರಿಗೆ ಬೇರೆ ಒಂದು ದಾರಿ ಇಡುತ್ತೇವೆ ಎಂದು ಅದೇ ನವೆಂಬರಿನಲ್ಲಿ ಗೂಗಲ್ ಸ್ವಲ್ಪ ಸಡಿಲಿಸಿತು. ಕಂಪ್ಯೂಟರಿನಿಂದ ಎಡಿಬಿ ಮೂಲಕ ಹಾಕುವುದಕ್ಕೆ ಈ ನಿಯಮ ಅಡ್ಡ ಬರುವುದಿಲ್ಲ ಎಂದೂ ಹೇಳಿದೆ. ಈಗ ಎಫ್-ಡ್ರಾಯ್ಡ್ ಮೂಲಕ ಹೆಲಿಬೋರ್ಡ್ ಹಾಕಿಕೊಳ್ಳಿ. ಅದರ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಸೌಲಭ್ಯ ಉಂಟು, ನೀವು ಕಲಿಸಿದ ಪದಗಳ ಪ್ರತಿಯನ್ನು ಆಗಾಗ ಕಂಪ್ಯೂಟರಿಗೆ ತೆಗೆದಿಟ್ಟರೆ ಫೋನ್ ಬದಲಿಸಿದರೂ ಮತ್ತೆ ಶುರುವಿನಿಂದ ಕಲಿಸಬೇಕಾಗುವುದಿಲ್ಲ.